ಕಡಲಿಗೊಂದು ಹೊತ್ತು, ಊರಿಗೊಂದು ಹೊತ್ತು

ಮಹಾಕಾವ್ಯವೆಂದ ಮೇಲೆ ಅದರಲ್ಲಿ ಹದಿನೆಂಟು ಬಗೆಯ ವರ್ಣನೆಗಳು ಇರಬೇಕೆಂದು ನಮ್ಮ ಲಾಕ್ಷಣಿಕರು ನಿಯಮ ಮಾಡಿದ್ದಾರೆ. ಪುರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ ಎಂದು ಆ ಪಟ್ಟಿ ಸಾಗುತ್ತದೆ. ಪಂಡಿತ ಪರೀಕ್ಷೆಗೆ ಓದುವಾಗ ಇದನ್ನು ನಾನೂ ಕಂಠಪಾಠ ಮಾಡಿದವನೇ. ಅನಂತರ ಘಟ್ಟದ ಮೇಲಿನ ಒಂದು ಊರಿನ ಪ್ರೌಢಶಾಲೆಯಲ್ಲಿ ಅಧ್ಯಾಪಕನಾಗಿ, ಸಮುದ್ರವರ್ಣನೆಯ ಪದ್ಯಗಳನ್ನು ಅನ್ವಯ, ತಾತ್ಪರ್ಯ, ಅಲಂಕಾರಗಳ ಸಮೇತ ಮಕ್ಕಳಿಗೆ ಪಾಠ ಹೇಳಿದವನೇ. ಆದರೆ ನಿಜವನ್ನು ಹೇಳಬೇಕಾದರೆ, ೧೯೯೮ನೆಯ ಇಸವಿಯ ಏಪ್ರಿಲ್ ತಿಂಗಳವರೆಗೆ ಆ ಮೇಷ್ಟರು ಕಡಲನ್ನು ಕಂಡಿರಲೇ ಇಲ್ಲ! ಕಂಡ ದಿನವೇ ಕಡಲು ನನಗೆ ಒಂದು ಪಾಠವನ್ನು ಹೇಳಿತು. ಆ ಸಂಗತಿ ಮುಂದೆ ಬರುತ್ತದೆ.

ಈಗ ಬೇಸಗೆ. ಪರೀಕ್ಷೆಗಳು ಮುಗಿದು ಶಾಲೆಗಳಿಗೆ ಬೀಗ ಬಿದ್ದಿದೆ. ಸಂಜೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಮುಗಿಯುವುದನ್ನೇ ಕಾದಿದ್ದು, “ಅಪ್ಪಾ, ಈ ಸಲ ಕಡಲಿಗೆ ಹೋಗೋಣವೇ?” ಎಂದು ಮಕ್ಕಳು ಕೇಳುವ ಕಾಲ. ಹೋಗಬೇಕಾದದ್ದೇ. ಹದಿನೆಂಟು ವರ್ಣನೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟನ್ನು ಎರಡು ಮೂರು ದಿನಗಳಲ್ಲಿ ಒಂದೇ ಕಡೆ ಕಣ್ಣಾರೆ ಕಾಣಬೇಕಾದರೆ ಕಡಲಂಚಿನ ಒಂದು ಪಟ್ಟಣಕ್ಕೇ ಹೋಗಬೇಕು. ನಾನಿಲ್ಲಿ ಮಂಗಳೂರನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಇಲ್ಲಿ ಹೇಳುವ ಮಾತಿನ ಬಹುಭಾಗ ಉಡುಪಿಗೂ ಕಾರವಾರಕ್ಕೂ ಸಲ್ಲುತ್ತದೆ.

ಘಟ್ಟದ ಮೇಲಿನಿಂದ ಬರುವ ಸಂಸಾರಗಳು ಸಾಮಾನ್ಯವಾಗಿ ಮಾಡುವ ಒಂದು ತಪ್ಪಿದೆ. ರಾತ್ರಿಯ ಬಸ್ಸಿನಲ್ಲಿ ಹೊರಟು ಬೆಳಗ್ಗೆ ಇಳಿಯುತ್ತಾರೆ. ಸ್ನಾನ, ತಿಂಡಿ, ದೇವರ ದರ್ಶನ ಎಲ್ಲವೂ ಮುಗಿಯುವ ಹೊತ್ತಿಗೆ ಹನ್ನೊಂದು ಗಂಟೆ. ಆಗ ಕಡಲಿಗೆ ಹೊರಡುತ್ತಾರೆ. ಮೇಲೆ ಸುಡುವ ಸೂರ್ಯ, ಕೆಳಗೆ ಕಾದ ಮರಳು, ಎದುರಿಗೆ ಕಣ್ಣು ಕುಕ್ಕುವ ನೀರು. ಒಂದು ಗಂಟೆಯಲ್ಲಿ ಮಕ್ಕಳು ಬಾಡುತ್ತಾರೆ, ಹಿರಿಯರಿಗೆ ತಲೆನೋವು. “ಕಡಲು ಕಡಲು ಎನ್ನುತ್ತಾರೆ, ಬರಿಯ ಸೆಕೆ” ಎಂದುಕೊಂಡು ಹಿಂದಿರುಗುತ್ತಾರೆ. ತಪ್ಪು ಕಡಲಿನದಲ್ಲ, ಹೊತ್ತಿನದು. ಕಡಲಿಗೊಂದು ಹೊತ್ತು, ಊರಿಗೊಂದು ಹೊತ್ತು ಇದೆ. ಅದನ್ನು ತಿಳಿದು ನಡೆದರೆ ವಿಹಾರ ಸುಖವಾಗುತ್ತದೆ. ತಿಳಿಯದೆ ನಡೆದರೆ ಕೆಲವೊಮ್ಮೆ ಬರಿಯ ಆಯಾಸಕ್ಕೆ ಮುಗಿಯುವುದೂ ಇಲ್ಲ.

ಮೊದಲು ಊರಿನ ನಕ್ಷೆಯನ್ನು ಮನಸ್ಸಿನಲ್ಲಿ ಬರೆದುಕೊಳ್ಳೋಣ. ತೆಂಕಣಿಂದ ನೇತ್ರಾವತಿ, ಬಡಗಣಿಂದ ಗುರುಪುರ ಹೊಳೆ ಹರಿದು ಬರುತ್ತವೆ. ಗುರುಪುರ ಹೊಳೆಗೆ ಫಲ್ಗುಣಿ ಎಂಬ ಹೆಸರೂ ಉಂಟು. ಅದು ನೆಟ್ಟಗೆ ಕಡಲಿಗೆ ಬೀಳದೆ, ಸಮೀಪಕ್ಕೆ ಬಂದು ತೆಂಕಣಕ್ಕೆ ಹೊರಳಿ, ದಂಡೆಯ ಪಕ್ಕದಲ್ಲಿಯೇ ಹರಿದು ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಎರಡೂ ಹೊಳೆಗಳು ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಹೀಗಾಗಿ ಹೊಳೆಗೂ ಕಡಲಿಗೂ ನಡುವೆ ಮರಳಿನ ಒಂದು ನೀಳವಾದ ನಾಲಗೆ ಉಳಿದಿದೆ. ತಣ್ಣೀರುಬಾವಿ, ಬೆಂಗ್ರೆ ಎಂಬ ಊರುಗಳಿರುವುದು ಅದರ ಮೇಲೆ. ಹಳೆಯ ಬಂದರು ಇರುವುದು ಕಡಲಿನ ಮೇಲಲ್ಲ, ಈ ಹಿನ್ನೀರಿನ ಮೇಲೆ. ದೊಡ್ಡ ಹಡಗುಗಳಿಗಾಗಿ ಬಡಗಣ ಪಣಂಬೂರಿನಲ್ಲಿ ನೆಲವನ್ನು ಅಗೆದು ನವಮಂಗಳೂರು ಬಂದರನ್ನು ಕಟ್ಟಿದರು. ೧೯೭೪ರಲ್ಲಿ ಅದು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿತವಾಗಿ, ೧೯೭೫ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ಬಂದರಿನ ಬಡಗಣ ಮಗ್ಗುಲಲ್ಲಿ ಪಣಂಬೂರಿನ ಕಡಲತೀರ, ತೆಂಕಣ ಮಗ್ಗುಲಲ್ಲಿ ತಣ್ಣೀರುಬಾವಿಯದು. ಇನ್ನೂ ಬಡಗಣಕ್ಕೆ ಸುರತ್ಕಲ್, ಸಸಿಹಿತ್ಲು, ಪಡುಬಿದ್ರಿ. ನೇತ್ರಾವತಿಯ ಸೇತುವೆಯನ್ನು ದಾಟಿ ತೆಂಕಣಕ್ಕೆ ಹೋದರೆ ಉಳ್ಳಾಲ, ಸೋಮೇಶ್ವರ.

ಇನ್ನು ಸೆಕೆಯ ಮಾತು. ಮೇ ತಿಂಗಳಿನಲ್ಲಿ ಮಂಗಳೂರಿನ ಹಗಲಿನ ಉಷ್ಣತೆ ಸಾಮಾನ್ಯವಾಗಿ ೩೩, ೩೪ ಡಿಗ್ರಿ ಸೆಲ್ಸಿಯಸ್. ಬಯಲುಸೀಮೆಯವರು ಇದಕ್ಕಿಂತ ಹೆಚ್ಚಿನ ಬಿಸಿಲನ್ನು ಕಂಡವರು. ಹಾಗಿದ್ದೂ ಇಲ್ಲಿ ಅವರಿಗೆ ಉಸಿರು ಕಟ್ಟಿದಂತಾಗುತ್ತದೆ. ಕಾರಣವೇನು? ಬೆವರು ಸುರಿದರೆ ಸಾಲದು, ಅದು ಆರಬೇಕು. ಆರುವಾಗಲೇ ಮೈಯ ಕಾವನ್ನು ಕೊಂಡೊಯ್ಯುವುದು. ಕಡಲಂಚಿನ ಗಾಳಿಯಲ್ಲಿ ತೇವ ಮೊದಲೇ ತುಂಬಿರುವುದರಿಂದ ಬೆವರು ಆರದೆ ಮೈಮೇಲೆಯೇ ನಿಲ್ಲುತ್ತದೆ. ಕಡಲಿನ ನೀರೂ ಆ ತಿಂಗಳಲ್ಲಿ ತಣ್ಣಗಿರುವುದಿಲ್ಲ. ಮೇಲುನೀರು ೩೦ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದುದರಿಂದ ಕಡಲಂಚಿನ ತಂಪನ್ನು ನೀರಿನಲ್ಲಿ ಹುಡುಕಬಾರದು, ಗಾಳಿಯಲ್ಲಿ ಹುಡುಕಬೇಕು.

ಆ ಗಾಳಿಗೂ ಒಂದು ದಿನಚರಿಯಿದೆ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಗಾಳಿ ಕಾದು ಹಗುರವಾಗಿ ಮೇಲಕ್ಕೇರಿದಾಗ, ತೆರವಾದ ಜಾಗಕ್ಕೆ ಕಡಲಿನ ಮೇಲಣ ಗಾಳಿ ನುಗ್ಗಿ ಬರುತ್ತದೆ. ಇದೇ ಕಡಲಗಾಳಿ. ಹೊತ್ತೇರಿದ ಮೇಲೆ ಮೊದಲಾಗಿ ಮಧ್ಯಾಹ್ನದ ಅನಂತರ ಬಲಗೊಂಡು ಸಂಜೆಯವರೆಗೂ ಬೀಸುತ್ತದೆ. ರಾತ್ರಿ ನೆಲ ಬೇಗ ಆರುವುದರಿಂದ ಈ ಕ್ರಮ ತಿರುಗಿ, ಬೆಳಗಿನ ಜಾವ ನೆಲದಿಂದ ಕಡಲ ಕಡೆಗೆ ಮೆಲ್ಲನೆ ನೆಲಗಾಳಿ ಬೀಸುತ್ತದೆ. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ಬೆಳಗಿನ ನೆಲಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ಮನೆಗೆ ಮರಳುತ್ತಿದ್ದರು. ಒಂದು ಗಾಳಿ ನಿಂತು ಇನ್ನೊಂದು ಹುಟ್ಟುವ ನಡುವಣ ಹೊತ್ತು ಇದೆಯಲ್ಲ, ಅದೇ ಕರಾವಳಿಯ ಅತ್ಯಂತ ಸೆಕೆಯ ಹೊತ್ತು. ನಮ್ಮವರು ಕಡಲಿಗೆ ಹೊರಡುವುದೂ ಸರಿಯಾಗಿ ಆಗಲೇ!

ಹಾಗಾದರೆ ದಿನವನ್ನು ಹೇಗೆ ಕಳೆಯಬೇಕು? ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಕಡಲು. ಅಲ್ಲಿಂದ ನಾಲ್ಕರವರೆಗೆ ಊರಿನ ನೆರಳು. ನಾಲ್ಕರ ಮೇಲೆ ಮತ್ತೆ ಕಡಲು. ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಬೆಳಗಿನ ಕಡಲು ನಡೆಯುವುದಕ್ಕೆ ಹೇಳಿದ್ದು. ಇಲ್ಲಿ ಸೂರ್ಯ ಹುಟ್ಟುವುದು ನಮ್ಮ ಬೆನ್ನ ಹಿಂದೆ, ತೆಂಗಿನ ತೋಟಗಳ ಆಚೆ. ಆದ್ದರಿಂದ ಬಿಸಿಲು ತಡವಾಗಿ ದಂಡೆಗಿಳಿಯುತ್ತದೆ, ನೀರಿನ ಬಣ್ಣ ಕ್ಷಣಕ್ಷಣಕ್ಕೂ ಬೇರೆಯಾಗುತ್ತದೆ. ರಾತ್ರಿಯೆಲ್ಲ ಏಡಿಗಳು ತೋಡಿದ ಬಿಲಗಳ ಬಾಯಲ್ಲಿ ಮರಳಿನ ಗುಂಡುಗಳು ಬಿದ್ದಿರುತ್ತವೆ. ಕೂತು ನೋಡುವ ತಾಳ್ಮೆಯಿದ್ದರೆ ಮಕ್ಕಳಿಗೆ ಒಂದು ಪ್ರಾಣಿಶಾಸ್ತ್ರದ ಪಾಠವೇ ಆದೀತು. ಪಣಂಬೂರಿನಲ್ಲಿ ನಿಂತರೆ ಬಂದರಿನ ಸರದಿಗಾಗಿ ದೂರದಲ್ಲಿ ಲಂಗರು ಹಾಕಿದ ಹಡಗುಗಳು ಕಾಣುತ್ತವೆ. ಮೀನಿನ ವಾಸನೆಯನ್ನು ತಾಳಬಲ್ಲವರು ಒಂದು ಬೆಳಗ್ಗೆ ಹಳೆಯ ಬಂದರಿನ ದಕ್ಕೆಗೆ ಹೋಗಿ, ದೋಣಿಗಳಿಂದ ಬುಟ್ಟಿ ಬುಟ್ಟಿಯಾಗಿ ಬಂಗುಡೆ, ಬೂತಾಯಿ ಇಳಿಯುವುದನ್ನೂ ಏಲಂ ಕೂಗುವುದನ್ನೂ ನೋಡಬಹುದು. ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಈ ನೋಟ ಬೇಸಗೆಗೇ ಸಲ್ಲತಕ್ಕದ್ದು.

ಒಂಬತ್ತರ ಮೇಲೆ ಊರಿಗೆ ಬನ್ನಿ. ಕನ್ನಡ ಓದುವವರಿಗೆ ಮಂಗಳೂರು ಒಂದು ಬಗೆಯ ಯಾತ್ರಾಸ್ಥಳ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ೧೮೪೩ರಲ್ಲಿ ಹೊರಡಿಸಿದ್ದು ಈ ಊರಿನಲ್ಲಿ. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಅಚ್ಚಾಗಿ ಬಂದದ್ದೂ ಇಲ್ಲಿಯ ಬಾಸೆಲ್ ಮಿಶನ್ನಿನ ಮುದ್ರಣಾಲಯದಿಂದ. ಬಲ್ಮಠದ ಹಾದಿಯಲ್ಲಿ ನಡೆಯುವಾಗ ಇದನ್ನು ಮಕ್ಕಳಿಗೆ ಹೇಳಿರಿ. ತರಗತಿಯಲ್ಲಿ ಹೇಳಿದರೆ ಮರೆಯುವ ಮಕ್ಕಳು ಸ್ಥಳದಲ್ಲಿ ಹೇಳಿದರೆ ಮರೆಯುವುದಿಲ್ಲ. ಇದು ನನ್ನ ಅನುಭವ.

ಕದ್ರಿಯ ಮಂಜುನಾಥ ದೇವಾಲಯಕ್ಕೆ ಮಧ್ಯಾಹ್ನದ ಪೂಜೆಗೆ ಮುಂಚೆಯೇ ಹೋಗಿಬಿಡಬೇಕು. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹವನ್ನು ಅವಸರವಿಲ್ಲದೆ ನೋಡಿರಿ. ಮೂರು ಮುಖ, ಆರು ಕೈಗಳ ಆಸೀನಮೂರ್ತಿ. ಆಳುಪರ ಅರಸನಾದ ಕುಂದವರ್ಮನ ಕಾಲದ್ದೆಂದು, ಕ್ರಿ. ಶ. ೯೬೮ಕ್ಕೆ ಸಲ್ಲುವ ಪೀಠದ ಶಾಸನದಿಂದ ತಿಳಿಯುತ್ತದೆ. ಸಾವಿರ ವರ್ಷಗಳ ಹಿಂದೆ ಈ ಕರಾವಳಿಯಲ್ಲಿ ಕಂಚನ್ನು ಎರಕ ಹೊಯ್ಯುವ ಕೈಗಳು ಎಂಥವಿದ್ದುವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ದೇವಾಲಯದ ಹಿಂದೆ ಗೋಮುಖದಿಂದ ನೀರು ಹರಿದು ಕೆರೆಗಳಿಗೆ ಬೀಳುತ್ತದೆ. ಸುಡುಬೇಸಗೆಯಲ್ಲಿಯೂ ಆ ಕಲ್ಲುಗಳ ಮೇಲೆ ಕಾಲಿಟ್ಟರೆ ತಂಪು.

ನಡುಮಧ್ಯಾಹ್ನಕ್ಕೆ ತಕ್ಕ ಇನ್ನೊಂದು ತಾಣ ಬಾವುಟಗುಡ್ಡೆಯ ಮೇಲಿನ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರ. ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ಎಂಬ ಕಲಾವಿದರು, ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ಹುಟ್ಟುತ್ತಿದ್ದ ವರ್ಷಗಳಲ್ಲಿ, ಅದರ ಗೋಡೆಗಳನ್ನೂ ಮಾಡನ್ನೂ ಚಿತ್ರಗಳಿಂದ ತುಂಬಿದರು. ಹಸಿಗಾರೆಯ ಮೇಲೆ ಬಣ್ಣವಿಡುವ ಭಿತ್ತಿಚಿತ್ರದ ವಿಧಾನ ಅವರದು. ಗಾರೆ ಆರುವುದರೊಳಗೆ ಆ ದಿನದ ಪಾಲನ್ನು ಮುಗಿಸಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಗಾರೆ ಬಳಿಯಬೇಕು. ಬಣ್ಣ ಗಾರೆಯೊಳಗೇ ಸೇರಿಕೊಳ್ಳುವುದರಿಂದ ಬಹುಕಾಲ ಬಾಳುತ್ತದೆ. ಇದೇ ಗುಡ್ಡದ ಮೇಲೆ ೧೮೩೭ರಲ್ಲಿ ಅಮರಸುಳ್ಯದ ಹೋರಾಟಗಾರರು ತಮ್ಮ ಬಾವುಟವನ್ನು ಹಾರಿಸಿ, ಕೆಲವು ದಿನ ಕಂಪೆನಿಯವರ ಆಡಳಿತವನ್ನು ಊರಿನಿಂದ ಹೊರಗಿಟ್ಟಿದ್ದರು.

ಗುಡ್ಡದ ಮೇಲಿನಿಂದ ಕೆಳಗೆ ನೋಡಿದರೆ, ಹೊಸ ಮಹಡಿಮನೆಗಳ ನಡುವೆ ಅಲ್ಲಲ್ಲಿ ಉಳಿದಿರುವ ಕೆಂಪು ಹೆಂಚಿನ ಮಾಡುಗಳು ಕಾಣುತ್ತವೆ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಬಳಿ, ಮೊದಲ ಹೆಂಚಿನ ಕಾರ್ಖಾನೆಯನ್ನು ತೆರೆದರು. ಹೊಳೆಬದಿಯ ಆವೆಮಣ್ಣಿನಿಂದ ಮಾಡಿದ ಆ ಹೆಂಚು ಮಂಗಳೂರು ಹೆಂಚೆಂದೇ ಹೆಸರಾಗಿ ಕಡಲು ದಾಟಿಯೂ ಹೋಯಿತು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವುದರಿಂದ ಮಳೆ ಒಳಗೆ ಬರುವುದಿಲ್ಲ. ಸಂದುಗಳಲ್ಲಿ ಗಾಳಿ ಆಡುವುದರಿಂದ ಮೇಲೇರಿದ ಬಿಸಿಗಾಳಿ ಹೊರಗೆ ಹೋಗುತ್ತದೆ. ನೀವು ಇಳಿದುಕೊಂಡ ಮನೆ ಹೆಂಚಿನದಾಗಿದ್ದರೆ ಮಧ್ಯಾಹ್ನ ಎರಡರ ನಿದ್ದೆಯಲ್ಲಿ ಇದರ ಗುಣ ತಿಳಿಯುತ್ತದೆ. ಊಟಕ್ಕೆ ಏನನ್ನು ಹೇಳಲಿ? ನೀರುದೋಸೆ ಉಂಟು, ಮೀನೂಟ ಉಂಟು. ಬಾಯಾರಿಕೆಗೆ ಎಳನೀರಿದೆ, ಇಲ್ಲಿಯವರು ಅದನ್ನು ಬೊಂಡವೆನ್ನುತ್ತಾರೆ. ಪುನರ್ಪುಳಿಯ ಶರಬತ್ತೂ ಸೆಕೆಗೆ ಒಳ್ಳೆಯದು. ಮಕ್ಕಳಿದ್ದರೆ ಒಂದು ದಿನವನ್ನು ಊರ ಹೊರಗಿನ ಪಿಲಿಕುಳಕ್ಕೆ ಎತ್ತಿಡಿ. ಕೆರೆ, ಕಾಡು, ಮೃಗಾಲಯ, ಕುಶಲಕರ್ಮಿಗಳ ಕೇರಿ, ೨೦೧೮ರಲ್ಲಿ ತೆರೆದ ತಾರಾಲಯ ಎಲ್ಲವೂ ಅಲ್ಲಿವೆ. ರಾತ್ರಿ ಹತ್ತಿರದಲ್ಲಿ ಎಲ್ಲಿಯಾದರೂ ಯಕ್ಷಗಾನ ಇದೆಯೇ ಎಂದು ವಿಚಾರಿಸಿರಿ. ಮೇ ತಿಂಗಳ ಕೊನೆಯ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ನೋಡಿದರೆ ಉಂಟು.

ನಾಲ್ಕು ಗಂಟೆಯಾಯಿತೆನ್ನಿ. ತಣ್ಣೀರುಬಾವಿಗೆ ರಸ್ತೆಯಿದ್ದರೂ ದೋಣಿಯ ದಾರಿಯೇ ಸೊಗಸು. ಬೋಳೂರಿನಲ್ಲಿ ಹೊಳೆಯಂಚಿಗೆ ಸುಲ್ತಾನ್ ಬತ್ತೇರಿ ಇದೆ. ಶತ್ರುಗಳ ಹಡಗುಗಳು ಹೊಳೆಯೊಳಕ್ಕೆ ನುಗ್ಗದಂತೆ ಕಾಯುವುದಕ್ಕೆ ಟಿಪ್ಪು ಸುಲ್ತಾನ ೧೭೮೪ರಲ್ಲಿ ಕಟ್ಟಿಸಿದ ಕಾವಲುಗೋಪುರವಿದು. ಅದರ ಬಳಿಯಿಂದ ಹೊಳೆಯನ್ನು ದಾಟಿದರೆ ಮರಳಿನ ನಾಲಗೆ. ಹಿಂದಿರುಗುವ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹತ್ತುವಾಗಲೇ ಕೇಳಿಕೊಳ್ಳಿ.

ಆ ಊರಿನ ಹೆಸರನ್ನು ಗಮನಿಸಿರಿ. ಒಂದು ಕಡೆ ಹೊಳೆಯ ಚೌಳುನೀರು, ಇನ್ನೊಂದು ಕಡೆ ಉಪ್ಪುಕಡಲು. ನಡುವೆ ತಣ್ಣೀರಿನ ಬಾವಿ! ಇದು ಹೇಗೆ ಸಾಧ್ಯ? ಮಳೆಯ ನೀರು ಮರಳಿನಲ್ಲಿ ಇಂಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದುದರಿಂದ ಇಂಗಿದ ನೀರು ಅಡಿಯ ಉಪ್ಪುನೀರಿನೊಂದಿಗೆ ಒಮ್ಮೆಗೇ ಬೆರೆಯದೆ ಅದರ ಮೇಲೆ ತೇಲುತ್ತದೆ. ಲೆಕ್ಕದ ಪ್ರಕಾರ, ಸಿಹಿನೀರಿನ ಮಟ್ಟ ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿಯವರೆಗೂ ಸಿಹಿನೀರೇ ಇರುತ್ತದೆ. ಆದರೆ ಅತಿಯಾಗಿ ಎತ್ತಿದರೆ ಅಡಿಯ ಉಪ್ಪು ಮೇಲಕ್ಕೇರಿ ಬಾವಿ ಕೆಡುತ್ತದೆ. ಕಡಲಂಚಿನ ಮನೆಗಳಲ್ಲಿ ನೀರನ್ನು ಕೇಳಿ ಕುಡಿಯುವಾಗ ಇದು ನೆನಪಿರಲಿ. ಮೈಯ ಮರಳನ್ನು ತೊಳೆಯುವುದಕ್ಕೆ ಅವರ ಬಾವಿಯನ್ನು ಬರಿದು ಮಾಡಬಾರದು.

ಈಗ ಜಲಕ್ರೀಡೆಯ ಮಾತಿಗೆ ಬಂದೆವು. ನಾನು ಮೊದಲೇ ಹೇಳಿದ ಸಂಗತಿ ಇಲ್ಲಿ ಬರುತ್ತದೆ.

೧೯೯೮ರ ಆ ಏಪ್ರಿಲ್‌ನಲ್ಲಿ, ರಜೆ ಬಂದ ಕೂಡಲೇ, ಒಂಬತ್ತನೆಯ ತರಗತಿಯ ಹನ್ನೊಂದು ಹುಡುಗರನ್ನು ಕರೆದುಕೊಂಡು ನಾನು ಕಡಲಿಗೆ ಬಂದೆ. ಹುಡುಗರು ನೀರಿಗಿಳಿಯಲು ಹಟ ಹಿಡಿದರು. ನಾನು ದಂಡೆಯುದ್ದಕ್ಕೂ ನೋಡಿದೆ. ಎಲ್ಲೆಲ್ಲಿಯೂ ತೆರೆಗಳು ಬೆಳ್ಳಗೆ ಒಡೆಯುತ್ತಿದ್ದುವು. ಒಂದು ಕಡೆ ಮಾತ್ರ, ಇಪ್ಪತ್ತು ಮೂವತ್ತು ಅಡಿಯಗಲದಲ್ಲಿ, ನೀರು ತೆರೆಯಿಲ್ಲದೆ ಕೆರೆಯಂತೆ ಸುಮ್ಮನಿತ್ತು. “ಇಲ್ಲಿ ಅಪಾಯವಿಲ್ಲ, ಇಲ್ಲಿಯೇ ಇಳಿಯಿರಿ” ಎಂದೆ. ಆ ಸ್ಥಳವನ್ನು ಆರಿಸಿದವನು ನಾನೇ. ಐದು ನಿಮಿಷವೂ ಆಗಿರಲಿಲ್ಲ. ಸೊಂಟದ ನೀರಿನಲ್ಲಿದ್ದ ಒಬ್ಬ ಹುಡುಗ ನೋಡುನೋಡುತ್ತಿದ್ದಂತೆ ದೂರವಾದ. ಅವನು ನಮ್ಮ ಕಡೆಗೇ ಕೈ ಬಡಿಯುತ್ತಿದ್ದ, ಆದರೆ ಹಿಂದಕ್ಕೇ ಹೋಗುತ್ತಿದ್ದ. ಈಜು ಬಾರದ ನಾನು ದಂಡೆಯಲ್ಲಿ ನಿಂತು ಅವನ ಹೆಸರನ್ನು ಕೂಗಿದೆ. ಅದನ್ನು ಬಿಟ್ಟು ಬೇರೇನೂ ನನಗೆ ತಿಳಿಯಲಿಲ್ಲ.

ಸ್ವಲ್ಪ ದೂರದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರು ಎದ್ದರು. ಪಕ್ಕದಲ್ಲಿದ್ದ ಬಾಯಿ ಮುಚ್ಚಿದ ಖಾಲಿ ಡಬ್ಬಿಯೊಂದನ್ನು ಎತ್ತಿಕೊಂಡು ಅದೇ ಸುಮ್ಮನಿದ್ದ ನೀರಿಗೆ ಇಳಿದರು. ನೀರೇ ಅವರನ್ನು ಹುಡುಗನ ಬಳಿಗೆ ಒಯ್ದಿತು. ಡಬ್ಬಿಯನ್ನು ಅವನ ತೋಳಿಗೆ ಕೊಟ್ಟು, ನೇರವಾಗಿ ದಂಡೆಗೆ ಬಾರದೆ, ಬಡಗಣಕ್ಕೆ ಅಡ್ಡವಾಗಿ ಈಜಿದರು. ತೆರೆಗಳು ಒಡೆಯುತ್ತಿದ್ದ ಜಾಗಕ್ಕೆ ಬಂದ ಮೇಲೆ, ಆ ತೆರೆಗಳೇ ಇಬ್ಬರನ್ನೂ ದಂಡೆಗೆ ತಳ್ಳಿದುವು. ಹುಡುಗ ಬದುಕಿದ. ನಾನು ಕೈಮುಗಿದು ನಿಂತಾಗ ಆ ಹಿರಿಯರು ಹೇಳಿದ ಮಾತು ಇಷ್ಟು: “ಅಲ್ಲಿ ತೆರೆ ಇಲ್ಲ ಅಂತ ಮಕ್ಕಳನ್ನು ಇಳಿಸಿದ್ದಲ್ವಾ ಮಾಷ್ಟ್ರೇ? ತೆರೆ ಇಲ್ಲದ್ದಕ್ಕೇ ಅಲ್ಲಿ ಇಳೀಬಾರ್ದು. ಬಂದ ನೀರು ವಾಪಸು ಹೋಗುವ ದಾರಿ ಅದು.”

ಒಂದೇ ಮಾತಿನಲ್ಲಿ ಅವರು ಇಡೀ ಶಾಸ್ತ್ರವನ್ನು ಹೇಳಿದ್ದರು. ತೆರೆಗಳು ನೀರನ್ನು ದಂಡೆಗೆ ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ಹಿಂದಿರುಗಬೇಕಲ್ಲ? ದಂಡೆಗೆ ಸ್ವಲ್ಪ ದೂರದಲ್ಲಿ ನೀರಿನ ಅಡಿ ಮರಳಿನ ದಿಂಡುಗಳಿರುತ್ತವೆ. ದಿಂಡಿನ ಮೇಲೆ ನೀರು ತೆಳುವಾದುದರಿಂದ ಅಲ್ಲಿ ತೆರೆ ಒಡೆಯುತ್ತದೆ. ದಿಂಡು ಕಡಿದ ಕಡೆ ಆಳ ಹೆಚ್ಚು, ತೆರೆ ಒಡೆಯುವುದಿಲ್ಲ. ದಂಡೆಯಲ್ಲಿ ಕೂಡಿದ ನೀರೆಲ್ಲ ಆ ಕಂಡಿಯ ಮೂಲಕ ಹೊಳೆಯಂತೆ ಕಡಲಿಗೆ ಮರಳುತ್ತದೆ. ಇದನ್ನೇ ಸೆಳವು ಎನ್ನುವುದು. ಬಲವಾದ ಸೆಳವಿನ ವೇಗ ಒಳ್ಳೆಯ ಈಜುಗಾರನ ವೇಗವನ್ನೂ ಮೀರಬಹುದು. ಹೊಸಬರ ಕಣ್ಣಿಗೆ ಅದೇ ಎಲ್ಲಕ್ಕಿಂತ ಶಾಂತವಾದ ಸ್ಥಳ. ನೀರು ಸುತ್ತಣದಕ್ಕಿಂತ ಕಪ್ಪಾಗಿ ಕಾಣುವುದು, ನೊರೆ, ಕಸ ದಂಡೆಯಿಂದ ಹೊರಕ್ಕೆ ತೇಲುವುದು ಇದರ ಗುರುತುಗಳು. ನೀರಿಗಿಳಿಯುವ ಮುನ್ನ ಎತ್ತರದಲ್ಲಿ ನಿಂತು ಹತ್ತು ನಿಮಿಷ ನೋಡಿದರೆ ಎಂಥವರಿಗೂ ಕಾಣುತ್ತದೆ.

ಸೆಳವು ಮನುಷ್ಯನನ್ನು ಅಡಿಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅದಕ್ಕೆ ಎದುರಾಗಿ ಈಜಿ, ದಣಿದು, ಮುಳುಗುವವರೇ ಹೆಚ್ಚು. ಸಿಕ್ಕಿಬಿದ್ದವರು ಗಾಬರಿಯಾಗದೆ ತೇಲಬೇಕು, ಒಂದು ಕೈಯೆತ್ತಿ ಕೂಗಬೇಕು. ಈಜು ಬಲ್ಲವರು ದಂಡೆಗೆ ಸಮಾನವಾಗಿ ಅಡ್ಡಕ್ಕೆ ಈಜಿ, ಸೆಳವಿನಿಂದ ಹೊರಬಂದ ಮೇಲೆ ದಂಡೆಗೆ ತಿರುಗಬೇಕು. ದಂಡೆಯಲ್ಲಿರುವವರು ಹಿಂದೆಯೇ ಧುಮುಕಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಪ್ರಸಂಗಗಳನ್ನು ಸಮಾಚಾರಗಳಲ್ಲಿ ಪ್ರತಿವರ್ಷವೂ ಕೇಳುತ್ತೇವೆ. ತೇಲುವ ವಸ್ತುವನ್ನು ಎಸೆಯಬೇಕು, ಜೀವರಕ್ಷಕರನ್ನು ಕರೆಯಬೇಕು, ೧೧೨ಕ್ಕೆ ಫೋನ್ ಮಾಡಬೇಕು.

ಭರತ ಇಳಿತಗಳನ್ನೂ ತಿಳಿದಿರಬೇಕು. ದಿನಕ್ಕೆ ಸಾಮಾನ್ಯವಾಗಿ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಆದುದರಿಂದ ಇಂದು ಸಂಜೆ ಐದಕ್ಕೆ ಭರತವಾದರೆ ನಾಳೆ ಐದೂ ಐವತ್ತರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದುಗೂಡುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಕಡಮೆ. ಗೋಡೆಯ ಪಂಚಾಂಗ ಇದಕ್ಕೆ ಸಾಕು. ಅಳಿವೆಯ ಬಳಿ ಮಾತ್ರ ಯಾವ ಹೊತ್ತಿನಲ್ಲಿಯೂ ಈಜಬಾರದು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲಿನ ನೀರೂ ಕೂಡಿ ಹೊರಕ್ಕೆ ನುಗ್ಗುತ್ತವೆ. ಸಸಿಹಿತ್ಲಿನಲ್ಲಿ ೨೦೧೬ರಲ್ಲಿ ತೆರೆಯ ಮೇಲೆ ಹಲಗೆಯಲ್ಲಿ ಸಾಗುವ ಸರ್ಫಿಂಗ್ ಪಂದ್ಯ ನಡೆದದ್ದನ್ನು ಕೇಳಿ ಅಲ್ಲಿಯ ಅಳಿವೆಗೆ ಇಳಿಯಹೋಗುವವರಿದ್ದಾರೆ. ಅದು ಪಳಗಿದವರ ಆಟ. ಸೋಮೇಶ್ವರದ ಬಂಡೆಗಳು ನೋಡುವುದಕ್ಕೆ ರಮ್ಯ, ಹತ್ತಿ ನಿಲ್ಲುವುದಕ್ಕಲ್ಲ.

ಬೇಸಗೆಗೆಂದೇ ಮತ್ತೊಂದು ಅಪಾಯವಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಆದರೂ ಕಡಲು ಇದ್ದಕ್ಕಿದ್ದಂತೆ ಉಬ್ಬಿ ದಂಡೆಯ ಮೇಲೇರುವುದುಂಟು. ಮಲೆಯಾಳದಲ್ಲಿ ಇದಕ್ಕೆ ಕಳ್ಳಕ್ಕಡಲ್ ಎಂದು ಹೆಸರು. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು. ತೆಂಕಣ ಧ್ರುವದ ಕಡೆಯ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆಗಳು ಸಾವಿರಾರು ಮೈಲಿ ಸಾಗಿ, ಕೆಲವು ದಿನಗಳ ಮೇಲೆ ನಮ್ಮ ದಂಡೆಗೆ ಬಂದು ತಲಪುತ್ತವೆ. ೨೦೨೪ರ ಮಾರ್ಚ್ ೩೧ರಂದು ಕೇರಳದ ತೀರದಲ್ಲಿ ಇದರಿಂದ ಅನೇಕ ಮನೆಗಳಿಗೆ ನೀರು ನುಗ್ಗಿತು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರದವರು ಇದನ್ನು ಮುಂಚಿತವಾಗಿ ಲೆಕ್ಕ ಹಾಕಿ ಎಚ್ಚರಿಕೆ ಕೊಡುತ್ತಾರೆ. ಹವಾಮಾನ ವರದಿಯಲ್ಲಿ ಎತ್ತರದ ತೆರೆಗಳ ಎಚ್ಚರಿಕೆಯನ್ನು ಕೇಳಿ, ಕಿಟಕಿಯಿಂದ ನಿರ್ಮಲವಾದ ಆಕಾಶವನ್ನು ನೋಡಿ, ‘ಇವರಿಗೇನು ಗೊತ್ತು’ ಎನ್ನಬೇಡಿರಿ. ಆಕಾಶ ನಿರ್ಮಲವಾಗಿದ್ದಾಗಲೇ ಅದು ಬರುವುದು.

ಇಷ್ಟನ್ನು ಹೇಳಿದ್ದು ಹೆದರಿಸುವುದಕ್ಕಲ್ಲ. ೨೦೨೪ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ, ಶಾಲೆಯ ಪ್ರವಾಸಕ್ಕೆಂದು ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ರೇಡಿಯೋದಲ್ಲಿ ಆ ಸಮಾಚಾರವನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೂ ಆ ಮಕ್ಕಳ ಅಧ್ಯಾಪಕರಿಗೂ ನಡುವೆ ಇದ್ದ ಅಂತರ ಬಲೆ ಹೆಣೆಯುತ್ತಿದ್ದ ಒಬ್ಬ ಮುದುಕ ಮಾತ್ರ ಎಂಬುದನ್ನು ನಾನು ಬಲ್ಲೆ. ಆದುದರಿಂದ ಜೀವರಕ್ಷಕರಿರುವ ತೀರಗಳಿಗೇ ಹೋಗಿರಿ. ಪಣಂಬೂರು ಅಂಥದು. ೨೦೨೦ರಲ್ಲಿ ಸ್ವಚ್ಛತೆಗೂ ಸುರಕ್ಷತೆಗೂ ನೀಲಿ ಬಾವುಟದ ಮನ್ನಣೆ ಪಡೆದ ಪಡುಬಿದ್ರಿಯೂ ಅಂಥದು. ಕೆಂಪು ಬಾವುಟವಿದ್ದರೆ ಇಳಿಯಬೇಡಿ. ಮಕ್ಕಳು ಮೊಣಕಾಲಿನ ನೀರನ್ನು ದಾಟದಿರಲಿ, ಹಿರಿಯರೊಬ್ಬರು ಮಾತುಕತೆಯನ್ನೂ ಫೋನನ್ನೂ ಬದಿಗಿಟ್ಟು ಅವರನ್ನೇ ನೋಡುತ್ತಿರಲಿ. ಕತ್ತಲಾದ ಮೇಲೆ ನೀರು ಬೇಡ. ಜೂನ್‌ನಲ್ಲಿ ಮಳೆಗಾಲ ಹಿಡಿದ ಮೇಲಂತೂ ಕಡಲನ್ನು ದೂರದಿಂದಲೇ ನೋಡಬೇಕು.

ಮಕ್ಕಳು ನೀರಿನಿಂದ ಮೇಲೆ ಬಂದು ಮೈ ಒರೆಸಿಕೊಳ್ಳುವಷ್ಟರಲ್ಲಿ ಸೂರ್ಯ ಇಳಿದಿರುತ್ತಾನೆ. ಮೂಡುವುದರಿಂದ ಮೂಡಣ, ಪಡುವುದರಿಂದ, ಎಂದರೆ ಬೀಳುವುದರಿಂದ, ಪಡುವಣ. ಈ ಪದದ ಅರ್ಥವನ್ನು ಪಡುಗಡಲಿನ ಎದುರು ನಿಂತೇ ತಿಳಿಯಬೇಕು. ಸೂರ್ಯನ ಅಂಚು ನೀರನ್ನು ಮುಟ್ಟಿದಂದಿನಿಂದ ಪೂರ್ತಿ ಮುಳುಗುವವರೆಗೆ ಎರಡು ನಿಮಿಷಕ್ಕೆ ಸ್ವಲ್ಪ ಹೆಚ್ಚು, ಅಷ್ಟೇ. ಇನ್ನೂ ಒಂದು ಬೆರಗಿದೆ. ಗಾಳಿಯ ಪದರಗಳಲ್ಲಿ ಬೆಳಕು ಬಾಗಿ ಬರುವುದರಿಂದ, ಸೂರ್ಯಬಿಂಬ ನೀರನ್ನು ಮುಟ್ಟಿದಂತೆ ನಮಗೆ ಕಾಣುವಾಗ ನಿಜವಾದ ಸೂರ್ಯ ಆಗಲೇ ದಿಗಂತದ ಕೆಳಗೆ ಇಳಿದಿರುತ್ತಾನೆ. ಬಾಗಿದ ಬೆಳಕಿನಲ್ಲಿ ಬಿಂಬದ ಕೆಳಭಾಗ ಹೆಚ್ಚು ಎತ್ತಲ್ಪಡುವುದರಿಂದಲೇ ಅವನು ಮಡಕೆಯಂತೆ ಚಪ್ಪಟೆಯಾಗಿ ಕಾಣುವುದು. ಹುಣ್ಣಿಮೆಯ ದಿನ ಹೋದರೆ, ಮುಂದೆ ಸೂರ್ಯ ಮುಳುಗುವ ಹೊತ್ತಿಗೆ ಹಿಂದೆ ತೆಂಗಿನ ತೋಟದ ಮೇಲೆ ಚಂದ್ರ ಮೂಡಿರುತ್ತಾನೆ. ಹದಿನೆಂಟರಲ್ಲಿ ಇನ್ನೊಂದು ವರ್ಣನೆ ಅಲ್ಲಿಗೆ ಸೇರಿತು.

ತಂದ ಕಾಗದ, ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಡಿ. ಕಡಲು ತನಗೆ ಬೇಡದ್ದನ್ನು ಮತ್ತೆ ದಂಡೆಗೇ ತಂದು ಹಾಕುತ್ತದೆ.

ಅಂದು ಬದುಕಿ ಬಂದ ಹುಡುಗ ಈಗ ಎರಡು ಮಕ್ಕಳ ತಂದೆ. ಪ್ರತಿ ಬೇಸಗೆಯಲ್ಲಿಯೂ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗುತ್ತಾನೆ, ಹೊರಡುವ ಮೊದಲು ನನಗೆ ತಿಳಿಸುತ್ತಾನೆ. “ಹತ್ತು ನಿಮಿಷ ನಿಂತು ನೋಡಿ ಆಮೇಲೆ ಇಳಿಯುತ್ತೇವೆ ಸಾರ್” ಎನ್ನುತ್ತಾನೆ. ನಾನು ಅವನಿಗೆ ಹೇಳಿದ ಸಮುದ್ರವರ್ಣನೆಯ ಪದ್ಯಗಳು ಅವನಿಗೆ ಮರೆತಿವೆ, ಇದು ಮರೆತಿಲ್ಲ. ನೀವೂ ಹೋಗಿಬನ್ನಿ. ಹೊರಡುವ ಹಿಂದಿನ ಸಂಜೆ ಹವಾಮಾನ ವರದಿ ಮುಗಿಯುವವರೆಗೆ ರೇಡಿಯೋವನ್ನು ಆರಿಸಬೇಡಿ.